ಅರಸೀಕೆರೆಯಲ್ಲೇ ದಂತಭಗ್ನ

ದೂರದ ಸೈಕಲ್ ಯಾತ್ರೆಗೆ ಹೊರಟವರು ಮೊದಲ ದಿನವೇ ರಸ್ತೆ ಬದಿಯಲ್ಲಿ ಸೈಕಲ್ ತಲೆಕೆಳಗು ಮಾಡಿಕೊಂಡು ಕೂತಿದ್ದರೆ, ನೋಡಿದವರು ‘ಪ್ರಥಮ ಚುಂಬನಂ ದಂತಭಗ್ನಂ’ ಎಂದು ನಕ್ಕು ಮುಂದೆ ಹೋಗುತ್ತಾರೆ. ನನ್ನ ವಾದ ಇಷ್ಟೇ: ಹಲ್ಲು ಮುರಿಯುವುದೇ ಆದರೆ ಮೊದಲ ಮುತ್ತಿಗೇ ಮುರಿಯಲಿ. ಅರಸೀಕೆರೆಯಿಂದ ಹೊರಟು ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿದು ಕಡಲು ಕಾಣುವ ಆಸೆಯಿದ್ದವರಿಗಂತೂ ಬ್ರೇಕ್ ವೈರು ಜಾವಗಲ್ಲಿನ ಬಯಲಿನಲ್ಲಿ ಸಡಿಲವಾಗುವುದಕ್ಕೂ ಚಾರ್ಮಾಡಿಯ ತಿರುವಿನಲ್ಲಿ ಸಡಿಲವಾಗುವುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ದಿನದ ಅವಘಡಕ್ಕೆ ಶನಿ ಕಾರಣನಲ್ಲ, ಸ್ಪ್ಯಾನರ್ ಕಾರಣ. ರೈಲಿನಲ್ಲಿ ಸೈಕಲ್ ಹಾಕಿಕೊಂಡು ಬಂದು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯುವವರು ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿರುತ್ತಾರೆ. ಮತ್ತೆ ಜೋಡಿಸುವಾಗ ಎಡಗಡೆಯ ಪೆಡಲ್ ಹಟ ಹಿಡಿಯುತ್ತದೆ. ಲೋಕದ ಹೆಚ್ಚಿನ ತಿರುಪುಗಳೆಲ್ಲ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ. ಇದು ಎಡಕ್ಕೆ. ತುಳಿಯುತ್ತ ತುಳಿಯುತ್ತ ತಾನಾಗಿ ಕಳಚಿಕೊಳ್ಳದಿರಲೆಂದು ಮಾಡಿದ ಏರ್ಪಾಡು ಅದು. ತಿಳಿಯದೆ ಬಲವಂತ ಮಾಡಿದರೆ ಕಬ್ಬಿಣದ ಪೆಡಲು ಅಲ್ಯುಮಿನಿಯಂ ಕ್ರ್ಯಾಂಕಿನ ಥ್ರೆಡ್ ತಿಂದುಹಾಕಿ, ಜಾವಗಲ್ ಬರುವ ಹೊತ್ತಿಗೆ ಕಾಲಿನ ಜೊತೆಗೇ ಎದ್ದು ಬರುತ್ತದೆ. ಹೊಸ ಚಕ್ರದ ಕಡ್ಡಿಗಳೂ ಭಾರ ಬಿದ್ದ ಮೇಲೆಯೇ ತಮ್ಮ ಜಾಗದಲ್ಲಿ ಕೂರುವುದು. ಕೂತಾಗ ಬಿಗಿ ತಪ್ಪಿ ರಿಮ್ಮು ಬೆಂಡಾಗುತ್ತದೆ. ಇನ್ನು ಜಾಲಿಮುಳ್ಳು. ಅಂಗಡಿಯವನು ಟ್ಯೂಬನ್ನು ಬಾಂಡ್ಲಿಯ ನೀರಿನಲ್ಲಿ ಗೇಣುಗೇಣಾಗಿ ಮುಳುಗಿಸಿ ಗುಳ್ಳೆ ಹುಡುಕುತ್ತಾನೆ, ಸಿಕ್ಕ ಕಡೆ ಉಜ್ಜಿ ಸಲ್ಯೂಷನ್ ಹಚ್ಚಿ ಊದುತ್ತಾನೆ. ಎಲ್ಲ ಮುಗಿದ ಮೇಲೆ, ದುಬಾರಿ ಸೈಕಲ್ಲಿನ ಪೆನ್ಸಿಲ್ ಮೊನೆಯಂಥ ವಾಲ್ವಿಗೆ ಅವನ ಪಂಪಿನ ಬಾಯಿ ಕೂರುವುದಿಲ್ಲ.

ಇದನ್ನೆಲ್ಲ ಮನೆಯಲ್ಲೇ ಪರೀಕ್ಷಿಸಿ ಹೊರಡಬಾರದೇ ಎಂದು ಕೇಳಬಹುದು. ಕೇಳುವವರು ಮನೆಯಲ್ಲಿ ಸೈಕಲ್ ಎಲ್ಲಿಗೆ ಹೋಗುತ್ತದೆಂದು ಯೋಚಿಸಿಲ್ಲ. ಹಾಲಿನ ಪ್ಯಾಕೆಟ್ ತರಲು ಹೋದ ಚಕ್ರಕ್ಕೆ ಕ್ಯಾರಿಯರಿನ ಮೇಲಿನ ಇಪ್ಪತ್ತು ಕಿಲೋ ಭಾರವಾಗಲಿ, ಹಂಪಿನ ಮೇಲೆ ಹಂಪಾಗಲಿ ಗೊತ್ತಿರುವುದಿಲ್ಲ. ಎಲ್ಲ ಸರಿಯಿದ್ದರೂ ಸವಾರನ ಮನಸ್ಸನ್ನು ಯಾವ ಅಂಗಡಿಯಲ್ಲಿ ಪರೀಕ್ಷಿಸುವುದು? 1923ರಲ್ಲಿ ಮುಂಬಯಿಯಿಂದ ಸೈಕಲ್ಲಿನಲ್ಲಿ ಜಗತ್ತು ಸುತ್ತಲು ಹೊರಟ ಆರು ಮಂದಿ ಪಾರ್ಸಿ ತರುಣರಲ್ಲಿ 1928ರಲ್ಲಿ ಸುತ್ತು ಮುಗಿಸಿ ಬಂದವರು ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಂಗಾರಾ ಮೂವರೇ.

ಮೊದಲ ದಿನವೇ ಹೀಗಾದರೆ ಅಪಶಕುನ ಎನ್ನುವವರ ಮಾತು ಇನ್ನೂ ಉಳಿದಿದೆ. ಅದಕ್ಕೆ ಉತ್ತರ ಹಳೇಬೀಡಿನ ಮಗ್ಗುಲಲ್ಲೇ, ಬಸ್ತಿಹಳ್ಳಿಯಲ್ಲಿದೆ. ಹೊಯ್ಸಳರ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಇಲ್ಲಿ ಬಸದಿ ಕಟ್ಟಿಸಿ, ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನಿಗೆ ಕಳಿಸಿದ. ದೊರೆ ಆಗಷ್ಟೇ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಖುಷಿಯಲ್ಲಿ ದೇವರಿಗೆ ವಿಜಯ ಪಾರ್ಶ್ವನಾಥ ಎಂದು ಹೆಸರಿಟ್ಟ ಎನ್ನುತ್ತದೆ ಶಾಸನ. ಗಮನಿಸಿ, ಗೆದ್ದ ಮೇಲೆ ಹೆಸರಿಟ್ಟದ್ದು. ಅರಸೀಕೆರೆಯ ಪಂಚರು ಶಕುನವೋ ಅಪಶಕುನವೋ ಎಂಬುದೂ ಕಡಲು ಮುಟ್ಟಿದ ಮೇಲಿನ ಮಾತು. ಅಲ್ಲಿಯವರೆಗೆ ಬೆಂಡು ತೆಗೆಸಿಕೊಂಡು ಬಂದು ಆ ಬಸದಿಯ ನವರಂಗದಲ್ಲಿ ನಿಲ್ಲಬಹುದು. ಅಲ್ಲಿನ ಕರಿಕಲ್ಲಿನ ಕಂಬಗಳಲ್ಲಿ ಸುಮಾರು ಒಂಬೈನೂರು ವರ್ಷದಿಂದ ಕೂದಲೆಳೆಯಷ್ಟೂ ಬೆಂಡಿಲ್ಲ. ಕನ್ನಡಿಯಂಥ ಹೊಳಪು, ಹತ್ತಿರ ಹೋದರೆ ಮೂಗಿನ ತುದಿಗೆ ಮೆತ್ತಿದ ಚೈನಿನ ಗ್ರೀಸು ಕೂಡ ಕಾಣುತ್ತದೆ. ಮುಟ್ಟುವ ಆಸೆಯಾದರೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು.