ಹೊಸತೊಡಕಿನ ಮೂಳೆ ಮೀಮಾಂಸೆ

ಬಿಂಡಿಗನವಿಲೆ ಹೋಬಳಿಯ ಪಂಡಿತರು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡು ಇಷ್ಟು ಕಾಲ ತಲೆ ಕೆಡಿಸಿಕೊಂಡಿದ್ದಾರೆ. ಒಂದು, ಹಬ್ಬದ ಮಾರನೆಯ ದಿನ ನಾಯಿಗಳು ಹಿತ್ತಲಲ್ಲಿ ಯಾಕೆ ವಾಂತಿ ಮಾಡಿಕೊಳ್ಳುತ್ತವೆ? ಇನ್ನೊಂದು, ಹೆಂಗಸರು ವರ್ಷವಿಡೀ ಮೂಟೆ ಹೊತ್ತರೂ ತೋಳಿನಲ್ಲಿ ಖಂಡ ಯಾಕೆ ಹುಟ್ಟುವುದಿಲ್ಲ? ಎರಡಕ್ಕೂ ಕಾರಣ ಒಂದೇ ಸೌಟು ಎಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಸಂಶೋಧನೆಗೆ ಯಾವ ವಿಶ್ವವಿದ್ಯಾಲಯವೂ ಹಣ ಕೊಟ್ಟಿಲ್ಲ. ಒಂದು ಪಾಲು ಬಾಡಿನ ದುಡ್ಡನ್ನು ಚಿಕ್ಕಪ್ಪ ಕೊಟ್ಟರು. ಈಗ ವಾಪಸ್ಸು ಕೇಳುತ್ತಿದ್ದಾರೆ.

ಮೊದಲು ಶಾಸನಾಧಾರ. ಶಾಸನವಿಲ್ಲದ ಪ್ರಬಂಧ ಉಪ್ಪಿಲ್ಲದ ಉಪ್ಸಾರು. ನಮ್ಮದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಒಂದು ಕಲ್ಲು ಸಿಕ್ಕಿದೆ. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ದೊರೆ 'ಏನು ಬೇಕೋ ಕೇಳು' ಅಂದರೆ, ಪುಣ್ಯಾತ್ಮ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಎರಡು ಖಂಡುಗ ಮಣ್ಣು ಬಿಟ್ಟು, ಅಲ್ಲಿನ ಗುಡಿಯ ಪೂಜಾರಿ ಗೊರವನಿಗೆ ಒಂದು ಕರಾರನ್ನೂ ಕೆತ್ತಿಸಿದರು: ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನ ತಲೆಗೆ. ವಿದ್ವಾಂಸರು ಇದನ್ನು ವೀರಗಲ್ಲು ಅನ್ನುತ್ತಾರೆ. ಪ್ರಸ್ತುತ ಸಂಶೋಧಕನ ಮತದಲ್ಲಿ ಇದು ಕನ್ನಡದ ಮೊದಲ ಆಹಾರ ಮಾರ್ಗಸೂಚಿ. ಯಾರು ಮೊದಲು ಉಣ್ಣಬೇಕು, ಯಾರು ಆಮೇಲೆ ಎಂಬುದನ್ನು ಕಲ್ಲಿನಲ್ಲಿ ಕೊರೆದ ದಾಖಲೆ ಬೇರೆಲ್ಲಿದೆ?

ಇನ್ನು ಪುರಾಣಾಧಾರ. ನಮ್ಮೂರು ಬಿಂಡಿಗನವಿಲೆ ಹೆಸರಾದದ್ದೇ ಗುಡಿಯ ಗರುಡನಿಂದ. ಹಸಿದ ಗರುಡ ಏನು ತಿನ್ನಲಿ ಎಂದು ಅಪ್ಪ ಕಶ್ಯಪನನ್ನು ಕೇಳಿ, ಒಂದು ಕಾಲಲ್ಲಿ ಆನೆ, ಇನ್ನೊಂದರಲ್ಲಿ ಆಮೆ ಹಿಡಿದು ಹಾರಿದ ಕಥೆ ಎಲ್ಲರಿಗೂ ಗೊತ್ತು. ಎರಡೂ ಕಡೆ ತೂಕ ಸಮನಾಗಿತ್ತೇ ಎಂದು ವ್ಯಾಸರು ಹೇಳಿಲ್ಲ. ಇಷ್ಟೆಲ್ಲ ಮಾಂಸ, ಇಷ್ಟೆಲ್ಲ ಭಾರ ಯಾತಕ್ಕೆ? ಅಮೃತ ತಂದು ತಾಯಿ ವಿನತೆಯ ದಾಸ್ಯ ಬಿಡಿಸುವುದಕ್ಕೆ. ಈ ಕಡೆಯ ಮಾತನ್ನು ಊರಿನವರು ಮಂಗಳಾರತಿಯ ಗದ್ದಲದಲ್ಲಿ ಕೇಳಿಸಿಕೊಂಡಂತಿಲ್ಲ.

ಈಗ ಕ್ಷೇತ್ರಕಾರ್ಯ. ಯುಗಾದಿಯ ಮಾರನೆ ದಿನ ಹೊಸತೊಡಕು. ಆವತ್ತು ಬೆಳಗ್ಗೆ ನಾಲ್ಕಾರು ಮನೆಯವರು ಕೂಡಿ ಮರಿ ಕಡಿದು, ಟಾರ್ಪಾಲಿನ ಮೇಲೆ ಗುಡ್ಡೆ ಹಾಕುತ್ತಾರೆ. ಗುಡ್ಡೆ ಬಾಡಿನ ನ್ಯಾಯ ಸುಪ್ರೀಂ ಕೋರ್ಟಿಗೂ ಮಾದರಿ. ಪ್ರತಿ ಗುಡ್ಡೆಗೂ ಒಂದಿಷ್ಟು ಈಲಿ, ಒಂದಿಷ್ಟು ಕೊಬ್ಬು, ಒಂದಿಷ್ಟು ಮೂಳೆ. ಒಂದರಲ್ಲಿ ಚೂರು ಹೆಚ್ಚು ಕಂಡರೆ ಕುಕ್ಕರುಗಾಲಲ್ಲಿ ಕೂತ ಹಿರಿಯರೊಬ್ಬರು ಎರಡು ಬೆರಳಲ್ಲಿ ಎತ್ತಿ ಪಕ್ಕದ ಗುಡ್ಡೆಗೆ ಇಡುತ್ತಾರೆ, ದೂರದಿಂದ ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಮತ್ತೆ ಅರ್ಧ ವಾಪಸ್ಸು ತೆಗೆಯುತ್ತಾರೆ. ಬೀದಿಯಲ್ಲಿ ಇಷ್ಟು ಸಮತೆ. ಅದೇ ಬಾಡು ಹೊಸ್ತಿಲು ದಾಟಿ ಪಾತ್ರೆಗೆ ಬಿದ್ದ ಕೂಡಲೆ ಬೇರೆ ಸಂವಿಧಾನ ಜಾರಿಗೆ ಬರುತ್ತದೆ. ಮೆತ್ತನೆ ತುಂಡು ಗಂಡಸರಿಗೆ, ನೆಂಟರಿಗೆ. ನಲ್ಲಿ ಮೂಳೆ ಹುಡುಗರಿಗೆ. ಚೀಪಿದ ಮೂಳೆ, ಎಲೆಯಲ್ಲಿ ಬಿಟ್ಟ ಕೊಬ್ಬು ಕರಿಯನಿಗೆ. ಪಾತ್ರೆಯ ತಳದ ಸಾರು ಚಿಕ್ಕವ್ವನಿಗೆ.

ಕರಿಯ ನಮ್ಮ ಚಿಕ್ಕಪ್ಪನ ಮನೆಯ ನಾಯಿ. ಕಳೆದ ಹೊಸತೊಡಕಿನಲ್ಲಿ ಹಿತ್ತಲ ಬಾಗಿಲಲ್ಲಿ ನಿಂತು ಖುದ್ದು ಲೆಕ್ಕ ಹಾಕಿದೆ. ಕರಿಯನಿಗೆ ಮಾಂಸ ಅಂಟಿದ ಹನ್ನೊಂದು ಮೂಳೆ ಬಿದ್ದವು. ಚಿಕ್ಕವ್ವ ಮೂರೂವರೆ ಗಂಟೆಗೆ ತಟ್ಟೆ ಹಿಡಿದು ಕೂತಾಗ ಸೌಟಿಗೆ ಸಿಕ್ಕಿದ್ದು ಒಂದು ಕತ್ತಿನ ಮೂಳೆ, ಒಂದು ಏಲಕ್ಕಿ. ಕೇಳಿದರೆ, "ನಂಗೇನಪ್ಪ, ಸಾರಿದ್ರೆ ಮುದ್ದೆ ಇಳೀತದೆ."

ಅದೇ ಹಬ್ಬಕ್ಕೆ ಅಣ್ಣನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಜೊತೆಗೆ ಒಂದು ಲ್ಯಾಬ್ರಡಾರು, ಒಂದು ಪ್ರೋಟೀನ್ ಪುಡಿಯ ಡಬ್ಬ. ಜಿಮ್ಮಿನಲ್ಲಿ ಐವತ್ತು ಕೆಜಿ ಎತ್ತುತ್ತೇನೆಂದು ವಿಡಿಯೋ ತೋರಿಸುತ್ತಿದ್ದಾಗ ಚಿಕ್ಕವ್ವ, "ಸ್ವಲ್ಪ ಸರ್ಕೊಳವ್ವ" ಅಂತ ಅವಳನ್ನು ದಾಟಿ ಐವತ್ತು ಕೆಜಿಯ ಬೂಸಾ ಮೂಟೆಯನ್ನು ಕೊಟ್ಟಿಗೆಗೆ ಸಾಗಿಸಿದರು. ಯಾರೂ ವಿಡಿಯೋ ಮಾಡಲಿಲ್ಲ. ಆ ಬೂಸಾ ತಿನ್ನುವ ಹಸುವಿಗೆ ಕರೆಯುವ ಲೀಟರಿಗೆ ಇಷ್ಟು ಹಿಂಡಿ ಎಂಬ ಲೆಕ್ಕವಿದೆ. ಡೈರಿಯಲ್ಲಿ ಹಾಲಿನ ಫ್ಯಾಟು ಅಳೆಯುವ ಮೆಷಿನ್ನಿದೆ. ಕರೆದು, ಹೊತ್ತು, ಅಳೆಸಿಕೊಂಡು ಬರುವವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ರಾತ್ರಿಯ ಹೊತ್ತಿಗೆ ಲ್ಯಾಬ್ರಡಾರು ಮಲಗಿಬಿಟ್ಟಿತು. ಒಬ್ಬಟ್ಟು, ತುಪ್ಪ, ಕೊಬ್ಬು, ಈರುಳ್ಳಿ-ಬೆಳ್ಳುಳ್ಳಿ ಮಸಾಲೆಯ ಸಾರು, ಎಲ್ಲವನ್ನೂ ಪ್ರೀತಿಯಿಂದ ತಿನ್ನಿಸಿದ್ದರು. ಪಶುವೈದ್ಯಶಾಸ್ತ್ರ ಹೇಳುವುದು ಹೀಗೆ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಪಾಯಸದ ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು. ಒಮ್ಮೆಗೇ ಕೊಬ್ಬು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಬೆಂದ ಮೂಳೆ ಚಕ್ಕೆಯಾಗಿ ಸೀಳಿ ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತದೆ. ಅಂದರೆ ನಾವು ಹಬ್ಬದ ದಿನ ನಾಯಿಗೆ ಏನೇನು ಹಾಕುತ್ತೇವೋ ಅದೇ ಪಟ್ಟಿ. ನಾಯಿಗೆ ಬೇಕಾದದ್ದು ಚೈತ್ರದ ಬಿಸಿಲಲ್ಲಿ ನೆರಳು, ಒಂದು ಬೋಗುಣಿ ನೀರು, ದಿನದ ಊಟ. ಬೆವರು ಬಿಡಲು ಅದಕ್ಕಿರುವುದು ಅಂಗಾಲು ಮಾತ್ರ. ಉಳಿದ ಸೆಕೆಯನ್ನೆಲ್ಲ ನಾಲಿಗೆ ಚಾಚಿ ತೇಕಿಯೇ ಕಳೆಯಬೇಕು. ದೀಪಾವಳಿಯಲ್ಲಾದರೆ ಪಟಾಕಿ ನಿಲ್ಲುವವರೆಗೆ ಒಳಕೋಣೆ.

ಇತ್ತ ಹೆಂಗಸರ ಲೆಕ್ಕ. ಐಸಿಎಂಆರ್‌ನ ಪೋಷಣಾ ಸಂಸ್ಥೆಯ ಪ್ರಕಾರ ದೇಹದ ತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 55 ಕೆಜಿಯ ಹೆಂಗಸಿಗೆ ಸುಮಾರು 46 ಗ್ರಾಂ. ಭಾರ ಎತ್ತಿ ಖಂಡ ಬೆಳೆಸುವವರಿಗೆ ಕ್ರೀಡಾ ಪೋಷಣೆಯವರು 1.6ರವರೆಗೆ ಹೇಳುತ್ತಾರೆ, ಅಂದರೆ 88. ಇದಕ್ಕೆ ಡಬ್ಬವೇ ಬೇಕೆಂದಿಲ್ಲ. ಪ್ರೋಟೀನ್ ಪುಡಿಯ ಗೀಳು ಬೇಡವೆಂದು ಅದೇ ಸಂಸ್ಥೆ 2024ರಲ್ಲಿ ಹೇಳಿದೆ. ಇನ್ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 14, ಐವತ್ತು ಗ್ರಾಂ ಹುರುಳಿಕಾಳಿನ ಬಸ್ಸಾರಿನಲ್ಲಿ 11, ಡೈರಿಗೆ ಹೋಗದೆ ಉಳಿದ ಅರ್ಧ ಲೀಟರ್ ಹಾಲಿನಲ್ಲಿ 16, ಎರಡು ಮೊಟ್ಟೆಯಲ್ಲಿ 12, ಐವತ್ತು ಗ್ರಾಂ ಕಡಲೆಕಾಯಿ ಬೀಜದಲ್ಲಿ 12. ಆಗಲೇ 65 ಆಯಿತು. ಉಳಿದ 23 ಗ್ರಾಂ ಎಲ್ಲಿದೆ? ನೂರು-ನೂರಿಪ್ಪತ್ತು ಗ್ರಾಂ ಬಾಡಿನಲ್ಲಿ. ಅಂದರೆ ಆ ಹನ್ನೊಂದು ಮೂಳೆಗಳ ಸುತ್ತ! ರಾಗಿಯಲ್ಲಿ ಕೊರತೆಯಾಗುವ ಲೈಸೀನನ್ನು ಹುರುಳಿ ತುಂಬಿಕೊಡುತ್ತದೆ ಎಂಬುದು ಬೇರೆ. ಮುದ್ದೆ-ಬಸ್ಸಾರನ್ನು ಜೋಡಿಸಿದವರು ಯಾರೋ ನಮಗಿಂತ ದೊಡ್ಡ ಸಂಶೋಧಕರು. ಅವರೂ ಕಡೆಯಲ್ಲೇ ಉಂಡಿರಬೇಕು.

ಪೂರ್ವಪಕ್ಷ ಹೀಗಿದೆ. ಚಿಕ್ಕಪ್ಪ: "ಹೆಣ್ಮಕ್ಳು ಹಿಂಗೆಲ್ಲ ತಿಂದ್ರೆ ಪೈಲ್ವಾನ್ ಆಯ್ತರೆ ಕಣ್ಲಾ." ಉತ್ತರ: ಹೆಂಗಸರಲ್ಲಿ ಟೆಸ್ಟೋಸ್ಟಿರಾನ್ ತೀರಾ ಕಡಿಮೆ, ಅಷ್ಟು ಸುಲಭಕ್ಕೆ ಆಗುವುದಿಲ್ಲ. ಪೈಲ್ವಾನ್ ಆದರೆ ಚಿಕ್ಕಪ್ಪನಿಗೆ ಏನು ತೊಂದರೆ ಎಂಬುದು ಪ್ರತ್ಯೇಕ ಸಂಶೋಧನೆಯ ವಿಷಯ. ಅವರು ಮಾಹಿತಿ ಕೊಡಲು ಒಪ್ಪಿಲ್ಲ.

ಸಿದ್ಧಾಂತವನ್ನು ಈ ವರ್ಷದ ಹೊಸತೊಡಕಿನಲ್ಲಿ ಪ್ರಯೋಗಕ್ಕೆ ಹಚ್ಚಿದೆವು. ಹಿಂದಿನ ದಿನವೇ ಚಿಕ್ಕವ್ವನ ಮುಂದೆ ಕೂತು ಆತಕೂರಿನ ಶಾಸನದಿಂದ ಹಿಡಿದು ಈರುಳ್ಳಿಯವರೆಗೆ ಎಲ್ಲ ಓದಿ ಹೇಳಿದೆ. ಅವರು ಅವರೆಕಾಳು ಹಿಸುಕುತ್ತ ಹೂಂಗುಟ್ಟಿದರು. ಮಾರನೆಯ ದಿನ ಮೊದಲ ಪಂಕ್ತಿಯಲ್ಲೇ ಎಳೆದು ಕೂರಿಸಿದರೆ, ಆಧಾರ್ ಕಾರ್ಡಿನ ಫೋಟೋಕ್ಕೆ ಕೂತವರ ಹಾಗೆ ಬಿಗಿಯಾಗಿ ಕೂತರು. ಅಣ್ಣನ ಮಗಳು ಬಡಿಸಿದಳು. ಐದು ತುಂಡು, ಮೇಲೊಂದು ಈಲಿ. ಕರಿಯ ಬಾಗಿಲಲ್ಲಿ ಖಾಲಿ ನೆಲ ಮೂಸುತ್ತ ನಿಂತಿದ್ದ.

ಚಿಕ್ಕವ್ವ ಈಲಿಯ ತುಂಡನ್ನು ಎತ್ತಿ, ಚೊಂಬಿನ ನೀರಲ್ಲಿ ಎರಡು ಸಲ ಅದ್ದಿ ಮಸಾಲೆ ತೊಳೆದು, ಬಾಗಿಲ ಕಡೆ ಎಸೆದರು. "ಏನ್ ಚಿಕ್ಕವ್ವ ಇದು" ಅಂದೆ.

"ನೀನೇ ಓದಿದ್ಯಲ್ಲಪ್ಪ, ನಾಯಿಗೆ ಮಡುಗ್ದೆ ಉಂಡ್ರೆ ಪಾಪ ಅಂತ ಕಲ್ಲಲ್ಲೇ ಬರ್ದವ್ರೆ ಅಂತ," ಅಂದು, ಮುದ್ದೆ ಮುರಿದು ಉಳಿದ ಐದು ತುಂಡಿನ ಕಡೆ ಕೈ ಹಾಕಿದರು.