ಹಿಮ್ಮಡಿ ಪುರಾಣ

ಕಾಲುನೋವೆಂದು ಮಲಗಿದವನಿಗೆ ನಮ್ಮ ಮನೆಗಳಲ್ಲಿ ಒಂದು ಮರ್ಯಾದೆ ಉಂಟು. ಕೂತಲ್ಲಿಗೇ ಕಾಫಿ ಬರುತ್ತದೆ, ನೋಡಲು ಬಂದವರು ಮೂಸಂಬಿ ತರುತ್ತಾರೆ, ಅಂಗಡಿ ಓಡಾಟ ಮಗನ ಪಾಲಾಗುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ತಿಂಗಳುಗಟ್ಟಲೆ ನೋಯುತ್ತಿದ್ದ ನನಗೂ ಇವೆಲ್ಲ ಒಗ್ಗಿಹೋಗಿದ್ದವು. ಕೆಡಿಸಿದವರು ಫಿಸಿಯೋಥೆರಪಿಸ್ಟ್.

"ರೆಸ್ಟ್ ಸಾಕು ಸಾರ್, ಭಾರ ಹಾಕಿ" ಅಂದರು ಆಕೆ.

ಮೆಟ್ಟಿಲಂಚಿಗೆ ಮುಂಗಾಲೂರಿ ನಿಲ್ಲಬೇಕು. ಒಳ್ಳೆಯ ಕಾಲಿನಿಂದ ಮೇಲೇಳಬೇಕು. ನೋಯುವ ಕಾಲಿನ ಮೇಲೆ ಭಾರವೆಲ್ಲ ಬಿಟ್ಟು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮೊಣಕಾಲು ನೆಟ್ಟಗಿಟ್ಟು 15ರಂತೆ 3 ಸಲ, ತುಸು ಮಡಿಸಿ ಮತ್ತೆ 3 ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರವೂ ಬಿಡದೆ 12 ವಾರ. ದಿನಕ್ಕೆ 180 ಆಯಿತು.

"ನೋಯುತ್ತಲ್ಲಮ್ಮಾ?"

"ತಡೆಯೋವಷ್ಟು ನೋಯಲಿ. ನೋವಿಲ್ಲ ಅನ್ನಿಸಿದ ದಿನ ಬೆನ್ನಿಗೆ ಬ್ಯಾಗ್ ಹಾಕ್ಕೊಳ್ಳಿ."

ಈ ಚಿಕಿತ್ಸೆಯ ಮೂಲಪುರುಷ ಸ್ವೀಡನ್ನಿನ ಮೂಳೆತಜ್ಞ ಹೋಕನ್ ಆಲ್ಫ್ರೆಡ್ಸನ್. ಅವರಿಗೇ ಹಿಮ್ಮಡಿ ನೋವಿತ್ತಂತೆ. ಆಪರೇಷನ್ನಿಗೆ ಮೇಲಧಿಕಾರಿ ಒಪ್ಪಲಿಲ್ಲ. ರಜ್ಜು ಹರಿದರೆ ಮಾಡಲೇಬೇಕಲ್ಲ ಎಂದು, ಹರಿಯಲಿ ಎಂದೇ ಭಾರ ಹಾಕತೊಡಗಿದರು. ಹರಿಯುವ ಬದಲು ವಾಸಿಯಾಯಿತು! 1998ರಲ್ಲಿ 15 ಓಟಗಾರರ ಮೇಲೆ ಇದನ್ನೇ ಪ್ರಯೋಗಿಸಿ ಪ್ರಕಟಿಸಿದರು. ಹದಿನೈದೂ ಜನ ಮೊದಲಿನಂತೆ ಓಡಿದರು. ಮೇಲಧಿಕಾರಿಯೊಬ್ಬ 'ಆಗಲ್ಲ' ಅಂದದ್ದರಿಂದ ಲೋಕಕ್ಕೆ ಉಪಕಾರವಾದದ್ದು, ನನಗೆ ತಿಳಿದಂತೆ, ಇದೊಂದೇ ಸಲ.

ನಾನು ಬ್ಯಾಗಿಗೆ ಐದು ಕೆಜಿ ಸೋನಾ ಮಸೂರಿ ತುಂಬಿಕೊಂಡೆ. ಮನೆಯಾಕೆ ಅನ್ನಕ್ಕೆ ಅದರಿಂದಲೇ ಅಳೆದುಕೊಳ್ಳುತ್ತಿದ್ದಳು. ಏರಬೇಕಾದ ಭಾರ ಇಳಿಯುತ್ತ ಬಂತು; ನೆಂಟರು ಬಂದ ದಿನ ಬರೀ ಬ್ಯಾಗು. ಮೇಲ್ಮನೆಯ ಅಜ್ಜಿ ಮೊದಲ ದಿನ "ಊರಿಗೆ ಹೊರಟ್ರಾ?" ಅಂದರು. ಮರುದಿನವೂ ಅದೇ ಮೆಟ್ಟಿಲಲ್ಲಿ ಕಂಡು, "ಬಸ್ ಸಿಗಲಿಲ್ವಾ?" ಅಂತ ಮರುಗಿದರು.

ಮರುಕ ಅಷ್ಟೇ ಸಿಕ್ಕಿದ್ದು. ಮನೆಯೊಳಗೆ ಹವಾ ಬದಲಾಗಿತ್ತು. "ಅಷ್ಟು ಸಲ ಎದ್ದು ಇಳಿಯೋರಿಗೆ ಅಂಗಡಿ ದೂರವಾ?" ಎಂಬ ಪ್ರಶ್ನೆಯ ಜೊತೆಗೆ ಕೈಚೀಲವೂ ಬಂತು. ಗುಣವಾಗುತ್ತಿತ್ತು, ನಿಜ. ಆದರೆ ರಜ್ಜಿಗೆ ರಕ್ತದ ಓಡಾಟ ಕಮ್ಮಿ. ಅದರ ಗುಣ ಸರ್ಕಾರಿ ಫೈಲಿನ ವೇಗದಲ್ಲಿ.

ವಾರಕ್ಕೆ 3 ದಿನ ಹೆಚ್ಚು ಭಾರ ಹಾಕಿ ನಿಧಾನವಾಗಿ ಮಾಡಿದರೂ ಅಷ್ಟೇ ಫಲವೆಂದು ಡೆನ್ಮಾರ್ಕಿನವರು 2015ರಲ್ಲಿ ತೋರಿಸಿದ್ದಾರೆ. ಹಿಮ್ಮಡಿ ನೋವಿನವರು ಯಾವುದು ತಮಗಾದೀತೆಂದು ಫಿಸಿಯೋ ಹತ್ತಿರ ಮೊದಲೇ ಕೇಳಿಕೊಳ್ಳಿ. ಮತ್ತೆ, ಬ್ಯಾಗಿಗೆ ಅಕ್ಕಿ ಬೇಡ. ಪುಸ್ತಕ ತುಂಬಿ, ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.