ಅಂಗಡಿಭೇಟಿ ಮೀಮಾಂಸೆ

ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಎಂದರೆ ಮುಳ್ಳು ಕೀಳುವ ವಿದ್ಯೆ. ಅದರ ಎರಡನೆಯ ಅಧ್ಯಾಯ ವೈದೇಹಕರಕ್ಷಣ. ವೈದೇಹಕನೆಂದರೆ ವ್ಯಾಪಾರಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪೇಟೆಗಳಲ್ಲಿ ಇಂದಿಗೂ ತೀರದ ತಕರಾರು ಹುಟ್ಟುವುದು ಈ ಸಮಾಸದಲ್ಲೇ. ಷಷ್ಠೀ ತತ್ಪುರುಷವೆಂದು ಬಿಡಿಸಿದರೆ ವ್ಯಾಪಾರಿಯ ರಕ್ಷಣೆ, ಪಂಚಮಿಯೆಂದು ಬಿಡಿಸಿದರೆ ವ್ಯಾಪಾರಿಯಿಂದ ರಕ್ಷಣೆ. ಅಧ್ಯಾಯದ ತುಂಬ ಕಳ್ಳತೂಕಕ್ಕೂ ಕಲಬೆರಕೆಗೂ ದಂಡ ಹೇಳಿರುವುದರಿಂದ ಕೌಟಿಲ್ಯ ಪಂಚಮೀ ಪಕ್ಷದವನೆಂದು ಸಿದ್ಧ. ನಮ್ಮ ಕಚೇರಿಗಳೂ ಪಕ್ಷಾಂತರ ಮಾಡಿಲ್ಲ.

ಆದರೆ ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಷಷ್ಠೀ ಪಕ್ಷವೊಂದು ಬೆಳೆದಿದೆ. ಅಲ್ಲಿ ಅಧಿಕಾರಿ ತಾನಾಗಿ ಅಂಗಡಿಗೆ ಹೋಗಿ, ವ್ಯಾಪಾರ ಹೇಗಿದೆ, ಊರು ಬಿಟ್ಟು ಹೋಗುವ ಯೋಚನೆ ಉಂಟೋ ಎಂದು ವಿಚಾರಿಸುತ್ತಾನಂತೆ. ಈ ಪದ್ಧತಿ ನೇತ್ರಾವತಿಯ ದಂಡೆಯಲ್ಲಿ ಬೇರು ಬಿಟ್ಟೀತೇ ಎಂಬುದು ಪ್ರಸ್ತುತ ಪ್ರಬಂಧದ ವಿಷಯ.

ಭೇಟಿಗೆ ನಮ್ಮಲ್ಲಿ ಬರವಿಲ್ಲ. 1964ರ ಪುರಸಭೆಗಳ ಅಧಿನಿಯಮದ ಹೆಸರಿನಲ್ಲಿ ಪರವಾನಗಿ ಕೇಳಲು ಒಬ್ಬರು, ತಕ್ಕಡಿಯ ಸೀಲು ನೋಡಲು ಇನ್ನೊಬ್ಬರು, 2016ರ ನಿಷೇಧದಿಂದೀಚೆಗೆ ಪ್ಲಾಸ್ಟಿಕ್ ಹುಡುಕಲು ಮತ್ತೊಬ್ಬರು, ಬೋರ್ಡಿನಲ್ಲಿ ಶೇ. 60 ಕನ್ನಡ ಉಂಟೋ ಎಂದು ಕತ್ತೆತ್ತಿ ನೋಡಲು ಮಗದೊಬ್ಬರು. ಜೀಪು ಪೇಟೆಯ ಒಂದು ತುದಿಯಲ್ಲಿ ಕಂಡರೆ ಸಾಕು, ಇನ್ನೊಂದು ತುದಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಗಳು ಅಕ್ಕಿಗೋಣಿಯ ಹಿಂದೆ ಸಮಾಧಿಸ್ಥವಾಗಿರುತ್ತವೆ. ಈ ವೇಗವನ್ನು ಅಳೆಯುವ ಸಾಧನ ಮಾಪನ ಇಲಾಖೆಯಲ್ಲೂ ಇಲ್ಲ. 2025ರ ಜುಲೈಯಲ್ಲಂತೂ ಜೀಪೂ ಬೇಕಾಗಲಿಲ್ಲ: ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸು ಬಂತೆಂಬ ಸುದ್ದಿಗೇ ರಾಜ್ಯದ ಎಷ್ಟೋ ಅಂಗಡಿಗಳ ಕ್ಯೂಆರ್ ಚೀಟಿ ಗೋಡೆಯಿಂದ ಇಳಿಯಿತು. ಅಶರೀರ ಭೇಟಿಯ ಉತ್ತಮ ನಿದರ್ಶನವಿದು.

ಇನ್ನು ಷಷ್ಠೀ ಪಕ್ಷದ ಭೇಟಿಗೆ ಮುಹೂರ್ತವಿಚಾರ. ಆಟಿ ತಿಂಗಳೇ ಪ್ರಶಸ್ತ. ಮದುವೆ, ನೇಮ, ಕಂಬಳ, ಯಕ್ಷಗಾನ ಮೇಳದ ತಿರುಗಾಟ ಯಾವುದೂ ಇಲ್ಲದೆ ವ್ಯಾಪಾರಿ ಮಳೆ ನೋಡುತ್ತ ಕೂತಿರುತ್ತಾನೆ; ಮಾತಿಗೆ ಸಿಗುತ್ತಾನೆ. ಆದರೆ ಬೆಳ್ತಂಗಡಿಯಲ್ಲಿ ‘ವ್ಯಾಪಾರ ಹೇಗುಂಟು?’ ಎಂದು ಕೇಳಿದವನಿಗೆ ಸಿಗುವ ಉತ್ತರ ಅಡಿಕೆಯ ರೇಟು. ಕೊಳೆರೋಗ ಬಂದರೆ ಜವಳಿ ಅಂಗಡಿ ಸೊರಗುತ್ತದೆ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಹೋಟೆಲಿನ ಬೆಂಚು ಖಾಲಿ, ಬೀಡಿ ಬ್ರಾಂಚಿನಲ್ಲಿ ಮಜೂರಿ ತಡವಾದರೆ ದಿನಸಿ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ. ಅಧಿಕಾರಿಯ ನಮೂನೆಯಲ್ಲಿ ಇವಕ್ಕೆ ಕಾಲಂ ಇರುವುದಿಲ್ಲ. ‘ಇತರೆ’ ಎಂದು ಬರೆದುಕೊಳ್ಳಬೇಕು. ಇದೇ ತಾಲೂಕಿನ ಉಜಿರೆಯಲ್ಲಿ 1982ರಿಂದ ರುಡ್‌ಸೆಟ್ ಸಂಸ್ಥೆ ಯುವಕರಿಗೆ ಸ್ವಂತ ಉದ್ಯೋಗ ಕಲಿಸುತ್ತಿದೆ. ಹುಟ್ಟಿಸುವ ವಿದ್ಯೆಗೆ ಸಂಸ್ಥೆ ಉಂಟು, ಉಳಿಸುವ ವಿದ್ಯೆಗೆ ಇನ್ನೂ ಸೂತ್ರಕಾರನೇ ಹುಟ್ಟಿಲ್ಲ.

ಮೂಡುಬಿದಿರೆಯ ಹಳೆಯ ಜೈನ ವರ್ತಕರನ್ನು ಯಾವ ಅಧಿಕಾರಿ ಭೇಟಿ ಮಾಡಿದ್ದನೋ ದಾಖಲೆಯಿಲ್ಲ. 1430ರ ಸಾವಿರ ಕಂಬದ ಬಸದಿ ಮಾತ್ರ ಇದೆ. ಕಂಬಗಳಿಗೆ ಪರವಾನಗಿ ಪಡೆದ ಶಾಸನ ಇದುವರೆಗೆ ಸಿಕ್ಕಿಲ್ಲ.

ಎಲ್ಲಕ್ಕಿಂತ ಜಟಿಲ ಬಂಟ್ವಾಳದ್ದು. ಹೊಳೆಯಲ್ಲಿ ದೋಣಿ ಓಡುತ್ತಿದ್ದಾಗ ಪೇಟೆ ಹೊಳೆಬದಿಯಲ್ಲಿತ್ತು. ಲಾರಿ, ಬಸ್ಸು ಬಂದ ಮೇಲೆ ವ್ಯಾಪಾರ ಹೆದ್ದಾರಿಯ ಬಿ.ಸಿ. ರೋಡಿಗೆ ನಡೆಯಿತು. ಮಿನಿ ವಿಧಾನಸೌಧ ನಿಂತಿರುವುದೂ ಅಲ್ಲೇ. ಇಂಥಲ್ಲಿ ‘ಊರು ಬಿಡಬೇಡಿ’ ಎಂದು ಹೇಳಲು ಹೊರಟವರು ಮೊದಲು ಊರು ಎಲ್ಲಿದೆ ಎಂದು ಸರ್ವೆ ಮಾಡಿಸಬೇಕಾಗುತ್ತದೆ.

ಆದರೂ ಪ್ರಯೋಗ ನಡೆಯಿತೆಂದೇ ಇಟ್ಟುಕೊಳ್ಳೋಣ. ಹಳೆಪೇಟೆಯ ಒಂದು ಅಂಗಡಿಯ ಎದುರು ಜೀಪು ನಿಲ್ಲುತ್ತದೆ. ಅಧಿಕಾರಿ ಇಳಿದು ನಗುತ್ತಾರೆ. ಅದೇ ಮೊದಲ ಗಾಬರಿ.

‘ವ್ಯಾಪಾರ ಹೇಗುಂಟು?’

‘ಯಾರು ಸರ್ ಕಂಪ್ಲೇಂಟ್ ಕೊಟ್ಟದ್ದು?’

‘ಯಾರೂ ಕೊಟ್ಟಿಲ್ಲ ಮಾರಾಯ್ರೆ. ಸುಮ್ಮನೆ ಕೇಳಿದ್ದು.’

‘ಲೈಸೆನ್ಸ್ ರಿನೀವಲ್ ಮಾಡಿ ಆಗಿದೆ ಸರ್. ತೊಟ್ಟೆ ನಾವು ಇಡುವುದೇ ಇಲ್ಲ. ಬೊಂಡ ಕುಡಿಯುವಾ?’

‘ಬೇಡ. ನಿಮಗೆ ನಮ್ಮಿಂದ ಎಂತ ಆಗಬೇಕು, ಅದು ಹೇಳಿ.’

ಅಂಗಡಿಯವರು ಒಳಗೆ ನೋಡಿದರು, ಬೀದಿ ನೋಡಿದರು, ಕೊನೆಗೆ ಧೈರ್ಯ ಮಾಡಿದರು.

‘ಬೇಜಾರು ಮಾಡಬೇಡಿ ಸರ್. ಜೀಪು ಒಂಚೂರು ಮುಂದೆ ತೆಗೆಸ್ತೀರಾ? ಬಂದ ಗಿರಾಕಿಗಳೆಲ್ಲ ಅದನ್ನು ನೋಡಿ ವಾಪಸ್ ಹೋಗ್ತಿದ್ದಾರೆ.’